ಆವಾಸದಾನದಿಂದ ಪಿ.ಜಿ. ಕೊಠಡಿಯವರೆಗೆ: ಪುತ್ತೂರು ಸೀಮೆಯ ವಿದ್ಯಾರ್ಥಿ ಮತ್ತು ನಗರದ ವಸತಿ

ಅಮರಕೋಶವು ‘ಮಠ’ ಎಂಬ ಶಬ್ದಕ್ಕೆ ಕೊಡುವ ಅರ್ಥವನ್ನು ಇಂದಿನ ಓದುಗರು ಹೆಚ್ಚಾಗಿ ಗಮನಿಸುವುದಿಲ್ಲ. ಅಮರಸಿಂಹನ ಪ್ರಕಾರ ಮಠವೆಂದರೆ ಛಾತ್ರರು ಮೊದಲಾದವರು ವಾಸಿಸುವ ಮನೆ. ಗುರುಪೀಠ, ಪರಂಪರೆ, ಆಸ್ತಿ ಮೊದಲಾದ ಅರ್ಥಗಳು ಆ ಶಬ್ದಕ್ಕೆ ಆಮೇಲೆ ಸೇರಿದವು. ‘ಬಸದಿ’ ಎಂಬ ಶಬ್ದದ ಕಥೆಯೂ ಇದೇ ಬಗೆಯದು. ಅದು ಸಂಸ್ಕೃತದ ‘ವಸತಿ’ ಶಬ್ದದ ತದ್ಭವ. ತಂಗುವ ತಾಣ ಎಂಬುದು ಅದರ ಮೂಲಾರ್ಥ. ಜಿನಬಿಂಬವಿರುವ ಆಲಯವೆಂಬ ಅರ್ಥ ಅನಂತರದ್ದು. ಯುರೋಪಿನಲ್ಲಿಯೂ ಹೀಗೆಯೇ ಆಯಿತು. ಪ್ಯಾರಿಸಿನ ಸೋರ್ಬಾನ್ ವಿದ್ಯಾಸಂಸ್ಥೆ 13ನೆಯ ಶತಮಾನದಲ್ಲಿ ರಾಬರ್ಟ್ ದ ಸೋರ್ಬಾನನು ದೇವತಾಶಾಸ್ತ್ರದ ಬಡ ವಿದ್ಯಾರ್ಥಿಗಳಿಗಾಗಿ ಕಟ್ಟಿಸಿದ ವಸತಿಯಾಗಿ ಹುಟ್ಟಿತು. ಕಾಲೇಜು ಎಂಬುದು ಮೊದಲು ಒಟ್ಟಿಗೆ ಉಣ್ಣುವ, ಒಟ್ಟಿಗೆ ಮಲಗುವ ಓದುಗರ ಕೂಟವಾಗಿತ್ತು. ತರಗತಿ ಬಂದದ್ದು ಆಮೇಲೆ.

ಶಬ್ದಗಳ ಈ ಚರಿತ್ರೆ ಒಂದು ಸಂಗತಿಯನ್ನು ಸ್ಪಷ್ಟಪಡಿಸುತ್ತದೆ. ಎಲ್ಲಿ ಓದಬೇಕು ಎಂಬ ಪ್ರಶ್ನೆಗಿಂತ ಎಲ್ಲಿ ಉಳಿಯಬೇಕು ಎಂಬ ಪ್ರಶ್ನೆ ಹಳೆಯದು. ಶಿಕ್ಷಣದ ಚರಿತ್ರೆಯನ್ನು ಬರೆಯುವವರು ಪಠ್ಯ, ಪರೀಕ್ಷೆ, ಪದವಿಗಳ ಬಗ್ಗೆ ವಿವರವಾಗಿ ಬರೆಯುತ್ತಾರೆ. ವಿದ್ಯಾರ್ಥಿ ರಾತ್ರಿ ಎಲ್ಲಿ ಮಲಗಿದ, ಯಾರ ಪಂಕ್ತಿಯಲ್ಲಿ ಉಂಡ ಎಂಬುದನ್ನು ಅಡಿಟಿಪ್ಪಣಿಗೆ ದೂಡುತ್ತಾರೆ. ಆದರೆ ಒಂದು ಹಳ್ಳಿಯಿಂದ ಯಾರು ವಿಶ್ವವಿದ್ಯಾಲಯದವರೆಗೆ ಹೋದರು, ಯಾರು ಅರ್ಧದಾರಿಯಲ್ಲೇ ನಿಂತರು ಎಂಬುದನ್ನು ಬಹುಪಾಲು ನಿರ್ಧರಿಸಿದ್ದು ಈ ಅಡಿಟಿಪ್ಪಣಿಯೇ. ಪುತ್ತೂರು ಸೀಮೆಯ ಕೆದಂಬಾಡಿಯಂತಹ ಒಂದು ಗ್ರಾಮವನ್ನು ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸಬಹುದು.

ಸಮಂತಭದ್ರರ ನಾಲ್ಕನೆಯ ದಾನ

ಜೈನ ಶ್ರಾವಕಾಚಾರದಲ್ಲಿ ಚತುರ್ವಿಧ ದಾನದ ಕಲ್ಪನೆ ಸುಪರಿಚಿತ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬುದು ಕನ್ನಡ ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಮತ್ತೆ ಮತ್ತೆ ಕಾಣುವ ಪಟ್ಟಿ. ಆದರೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ವಿವರಿಸುವಾಗ ಬರುವ ಪಟ್ಟಿ ತುಸು ಬೇರೆ. ಅಲ್ಲಿ ಆಹಾರ, ಔಷಧ, ಉಪಕರಣ, ಆವಾಸ ಎಂಬ ನಾಲ್ಕು ದಾನಗಳಿವೆ. ಗ್ರಂಥಾದಿಗಳು ಉಪಕರಣದಲ್ಲಿ ಸೇರುತ್ತವೆ. ಅಭಯ ಇರಬೇಕಾದ ಸ್ಥಾನದಲ್ಲಿ ಆವಾಸವಿದೆ. ತಂಗಲು ಜಾಗ ಕೊಡುವುದು ಮತ್ತು ಭಯವನ್ನು ನೀಗುವುದು ಇವೆರಡೂ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲಬಲ್ಲಷ್ಟು ಹತ್ತಿರದವು ಎಂಬುದು ಇದರಿಂದ ಸೂಚಿತವಾಗುತ್ತದೆ.

ಆವಾಸದಾನಕ್ಕೆ ಸಮಂತಭದ್ರರು ಕೊಡುವ ದೃಷ್ಟಾಂತ ಒಂದು ಹಂದಿಯದು. ವ್ಯಾಖ್ಯಾನ ಪರಂಪರೆಯಲ್ಲಿ ಆ ಕಥೆ ಹೀಗಿದೆ: ಒಬ್ಬ ಕುಂಬಾರನೂ ಒಬ್ಬ ನಾಪಿತನೂ ಕೂಡಿ ದಾರಿಹೋಕರಿಗಾಗಿ ಒಂದು ವಸತಿಯನ್ನು ಕಟ್ಟಿಸಿದರು. ಕುಂಬಾರನು ಅಲ್ಲಿ ಒಬ್ಬ ಮುನಿಗೆ ಸ್ಥಳ ಕೊಟ್ಟನು. ನಾಪಿತನು ಮುನಿಯನ್ನು ಹೊರಗೆ ಹಾಕಿ ತನಗೆ ಬೇಕಾದ ಪರಿವ್ರಾಜಕನನ್ನು ಇರಿಸಿದನು. ಇಬ್ಬರೂ ಹೊಡೆದಾಡಿ ಸತ್ತು, ಒಬ್ಬ ಹಂದಿಯಾಗಿಯೂ ಇನ್ನೊಬ್ಬ ಹುಲಿಯಾಗಿಯೂ ಹುಟ್ಟಿದರು. ಹಂದಿಯ ಗುಹೆಯಲ್ಲಿ ಮುನಿಗಳು ತಂಗಿದ್ದಾಗ ಹುಲಿ ಅವರನ್ನು ತಿನ್ನಲು ಬಂದಿತು. ಹಂದಿ ಗುಹೆಯ ಬಾಯಿಯಲ್ಲಿ ನಿಂತು ಹೋರಾಡಿ ಪ್ರಾಣಬಿಟ್ಟಿತು ಮತ್ತು ಸದ್ಗತಿಯನ್ನು ಪಡೆಯಿತು.

ಈ ಕಥೆಯ ತಿರುಳು ವಸತಿಯನ್ನು ಕಟ್ಟುವುದರಲ್ಲಿಲ್ಲ. ಕಟ್ಟಿದವರು ಇಬ್ಬರೂ. ಅದರಲ್ಲಿ ಯಾರಿಗೆ ಜಾಗ, ಯಾರಿಗೆ ಇಲ್ಲ ಎಂಬ ಪ್ರಶ್ನೆಯಲ್ಲಿ ಅವರು ಬೇರೆಯಾದರು. ವಿದ್ಯಾರ್ಥಿ ವಸತಿಗಳ ಆಧುನಿಕ ಚರಿತ್ರೆಯನ್ನು ಓದುವಾಗ ಈ ಕಥೆ ಪದೇ ಪದೇ ನೆನಪಾಗುವಂತಿದೆ.

ಶಾಸನಗಳು ಹೇಳುವ ವಸತಿ

ಕರ್ನಾಟಕದಲ್ಲಿ ವಿದ್ಯಾರ್ಥಿ ವಸತಿಗೆ ಸ್ಪಷ್ಟವಾದ ಹಳೆಯ ದಾಖಲೆಗಳಿವೆ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯ ಶಾಸನ ಕ್ರಿ.ಶ. 945ರದ್ದು, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ಕಲಿಯುತ್ತಿದ್ದರೆಂದು ಶಾಸನ ಹೇಳುತ್ತದೆ. ಅವರ ನಿರ್ವಹಣೆಗೆ 500 ನಿವರ್ತನ ಭೂಮಿ, ದೀಪದ ವೆಚ್ಚಕ್ಕೆ 12 ನಿವರ್ತನ ಭೂಮಿ, ಜೊತೆಗೆ 27 ನಿವೇಶನಗಳು ದತ್ತಿಯಾಗಿ ಬಂದವು. ಊರಿನವರು ತಮ್ಮ ಮನೆಯ ಮದುವೆ, ಉಪನಯನ, ಚೌಲಗಳ ಸಂದರ್ಭದಲ್ಲಿ ಈ ಶಾಲೆಗೆ ಕಾಣಿಕೆ ಕೊಡಬೇಕೆಂಬ ಏರ್ಪಾಡೂ ಇತ್ತು. ದೀಪಕ್ಕೆಂದೇ ಭೂಮಿಯನ್ನು ಬೇರೆಯಾಗಿ ಬಿಟ್ಟಿರುವುದು ಗಮನಾರ್ಹ. ರಾತ್ರಿ ಓದುವವನಿಗೆ ಬೆಳಕು ಬೇಕೆಂಬುದು ದಾನಿಯ ಲೆಕ್ಕದಲ್ಲಿತ್ತು.

ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದ 1058ರ ಶಾಸನದಲ್ಲಿ ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ ಐವತ್ತರಷ್ಟು ಮಂದಿ, ಅವರ ಉಪಾಧ್ಯಾಯರು, ಗ್ರಂಥಾಲಯವನ್ನು ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಂಡಾರಿಗರು ಉಲ್ಲೇಖಗೊಂಡಿದ್ದಾರೆ. 1162ರ ಬಳ್ಳಿಗಾವೆಯ ಕೋಡಿಯಮಠದ ಶಾಸನವು ಆ ಮಠವನ್ನು ಹಲವು ಶಾಸ್ತ್ರಗಳ ವ್ಯಾಖ್ಯಾನಸ್ಥಾನವೆಂದೂ ದೀನರು, ರೋಗಿಗಳು, ದಾರಿಹೋಕರಿಗೆ ಅನ್ನ ಮತ್ತು ಆಶ್ರಯ ಸಿಗುವ ಸ್ಥಳವೆಂದೂ ವರ್ಣಿಸುತ್ತದೆ. ಜೈನ ಬಸದಿಗಳಿಗೆ ಬಿಟ್ಟ ದತ್ತಿಗಳಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರದ ಜೊತೆಗೆ ಋಷಿಯರ ಆಹಾರದಾನ ತಪ್ಪದೆ ಬರುತ್ತದೆ.

ಈ ವ್ಯವಸ್ಥೆಗಳಲ್ಲಿ ವಿದ್ಯಾರ್ಥಿಗೆ ವಸತಿಯನ್ನು ಹುಡುಕುವ ಕೆಲಸವಿರಲಿಲ್ಲ. ಪ್ರವೇಶ ಸಿಕ್ಕಿತೆಂದರೆ ಅನ್ನ, ದೀಪ, ಮಲಗುವ ಜಾಗ ಮೂರೂ ಸಿಕ್ಕಂತೆ. ಆದರೆ ಆ ಪ್ರವೇಶದ ಬಾಗಿಲು ಬಹಳ ಕಿರಿದಾಗಿತ್ತು. ಸಾಲೋಟಗಿಯಾಗಲಿ ನಾಗಾವಿಯಾಗಲಿ ಒಂದು ವರ್ಣದ, ಗಂಡುಮಕ್ಕಳ ವಿದ್ಯಾಸ್ಥಾನಗಳೇ. ವಸತಿಯ ಆಯ್ಕೆ ಒಂದು ಸಮಸ್ಯೆಯಾಗಿ ಮೂಡಿದ್ದು ಬಾಗಿಲು ಕಾನೂನಿನ ಮಟ್ಟಿಗಾದರೂ ಎಲ್ಲರಿಗೂ ತೆರೆದ ಮೇಲೆ, ಅಂದರೆ 19ನೆಯ ಶತಮಾನದ ನಗರ ಕಾಲೇಜುಗಳು ಬಂದ ಮೇಲೆ.

ಕೆದಂಬಾಡಿಯಿಂದ ಮಂಗಳೂರಿಗೆ

ಕೆದಂಬಾಡಿಯ ಹೆಸರು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತವಾಗಿರುವುದು ಕೆದಂಬಾಡಿ ಜತ್ತಪ್ಪ ರೈ ಅವರ ಮೂಲಕ. ಅವರ ‘ಬೇಟೆಯ ನೆನಪುಗಳು’ ಕಾಡು, ಗುಡ್ಡ, ಬೈಲುಗಳ ನಡುವಿನ ಬದುಕನ್ನು ಪರಿಚಯಿಸಿದ ಕೃತಿ. ಅಡಕೆ ತೋಟ, ಗದ್ದೆ, ಹಾಡಿಗಳ ನಡುವೆ ಒಂದೊಂದು ಮನೆ ದೂರ ದೂರವಾಗಿರುವ ಇಂತಹ ಗ್ರಾಮಗಳಲ್ಲಿ ಪ್ರಾಥಮಿಕ ಶಾಲೆಗೆ ಹೋಗುವುದೇ ಮಳೆಗಾಲದಲ್ಲಿ ಹಳ್ಳ ದಾಟುವ ಸಾಹಸವಾಗಿತ್ತು. ಪ್ರೌಢಶಾಲೆಗೆ ಪುತ್ತೂರು, ಕಾಲೇಜಿಗೆ ಸುಮಾರು 50 ಕಿ.ಮೀ. ಆಚೆಯ ಮಂಗಳೂರು. ಪಾಣೆಮಂಗಳೂರಿನಲ್ಲಿ ನೇತ್ರಾವತಿಯನ್ನು ದಾಟಿ ಹೋಗಬೇಕಾದ ಆ ದಾರಿಯನ್ನು ದಿನವೂ ನಡೆದು ಬರುವುದು ಸಾಧ್ಯವಿರಲಿಲ್ಲ. ಹಾಗಾಗಿ ಕಾಲೇಜು ಎಂದರೆ ಮನೆ ಬಿಡುವುದು ಎಂದೇ ಅರ್ಥ.

ಮಂಗಳೂರಿನಲ್ಲಿ ಸರ್ಕಾರಿ ಕಾಲೇಜು 19ನೆಯ ಶತಮಾನದ ಉತ್ತರಾರ್ಧದಲ್ಲಿ ನೆಲೆಗೊಂಡಿತು. ಯೇಸುಸಭೆಯ ಪಾದ್ರಿಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಅದು ಮುಂದೆ ಬಾವುಟಗುಡ್ಡಕ್ಕೆ ಬಂದಿತು. 1834ರಲ್ಲಿ ಮಂಗಳೂರಿಗೆ ಬಂದಿದ್ದ ಬಾಸೆಲ್ ಮಿಷನ್ ಆ ಮೊದಲೇ ಮಕ್ಕಳನ್ನು ಇರಿಸಿಕೊಂಡು ಓದಿಸುವ ಬೋರ್ಡಿಂಗ್ ಶಾಲೆಗಳನ್ನು ಪರಿಚಯಿಸಿತ್ತು. ‘ಬೋರ್ಡಿಂಗ್’ ಎಂಬ ಮಾತು ತುಳುನಾಡಿನ ಮನೆಮಾತಾದುದು ಬಹುಮಟ್ಟಿಗೆ ಮಿಷನರಿಗಳಿಂದ.

ಹಳ್ಳಿಯಿಂದ ಬಂದ ಹುಡುಗನಿಗೆ ಇದ್ದ ದಾರಿಗಳು ಕೆಲವೇ. ಮೊದಲನೆಯದು ಬಂಧುಗಳ ಮನೆ. ಅಳಿಯಸಂತಾನ ಪದ್ಧತಿಯ ಬಂಟ, ಜೈನ, ಬಿಲ್ಲವ ಮನೆತನಗಳಲ್ಲಿ ಸೋದರಮಾವನ ಮನೆಯಲ್ಲಿ ಬೆಳೆಯುವುದು ಸಹಜವಾಗಿತ್ತು. ಆದರೆ ನಗರದಲ್ಲಿ ಮಾವನ ಮನೆ ಇರುವವರು ಎಷ್ಟು ಮಂದಿ? ಎರಡನೆಯದು ವಾರಾನ್ನ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿದ ಬ್ರಾಹ್ಮಣ ವಟುಗಳ ನೆನಪುಗಳು ಕನ್ನಡ ಆತ್ಮಕಥೆಗಳಲ್ಲಿ ಹೇರಳವಾಗಿವೆ. ಅದು ಬಡತನಕ್ಕೆ ಸಿಕ್ಕ ಪರಿಹಾರ ನಿಜ. ಆದರೆ ಒಂದು ಜಾತಿಯ ಬಡತನಕ್ಕೆ ಮಾತ್ರ. ಬೇರೆ ಜಾತಿಯ ಬಡ ಹುಡುಗನಿಗೆ ಆ ಅಡುಗೆಮನೆಯ ಜಗಲಿಯೂ ಸಿಗುತ್ತಿರಲಿಲ್ಲ. ಮೂರನೆಯದು ಹಣ ಕೊಟ್ಟು ಉಣ್ಣುವ ಊಟದ ಮನೆ. ಅಲ್ಲಿಯೂ ಪಂಕ್ತಿಭೇದವಿತ್ತು. ಹಣ ಒಂದೇ ಆದರೂ ಎಲೆ ಹಾಕುವ ಜಾಗ ಒಂದಲ್ಲ.

ಹೀಗೆ, ಆ ಕಾಲದ ವಿದ್ಯಾರ್ಥಿಗೆ ವಸತಿಯನ್ನು ನಿರ್ಧರಿಸಿದ್ದು ಕಾಲೇಜಿಗೆ ಇರುವ ದೂರವಲ್ಲ, ಬಾಡಿಗೆಯೂ ಅಲ್ಲ, ಅನ್ನದ ಪಂಕ್ತಿ. ಮಲಗಲು ಯಾವುದಾದರೊಂದು ಚಾವಡಿ ಸಿಕ್ಕೀತು. ಉಣ್ಣಲು ತನ್ನವರೇ ಬೇಕಿತ್ತು.

ಸಮುದಾಯಗಳ ಹಾಸ್ಟೆಲುಗಳು

ಈ ಕಗ್ಗಂಟಿಗೆ 20ನೆಯ ಶತಮಾನದ ಆರಂಭದಲ್ಲಿ ಸಿಕ್ಕ ಉತ್ತರವೇ ಸಮುದಾಯದ ವಿದ್ಯಾರ್ಥಿನಿಲಯ. ಬೆಂಗಳೂರಿನಲ್ಲಿ 1906ರಲ್ಲಿ ಒಕ್ಕಲಿಗರ ಸಂಘ, ದಕ್ಷಿಣ ಕನ್ನಡದಲ್ಲಿ 1908ರಲ್ಲಿ ಬಂಟರ ಸಂಘ ಸ್ಥಾಪನೆಯಾದವು. ಇಂತಹ ಸಂಘಗಳ ಮುಖ್ಯ ಕಾರ್ಯಗಳಲ್ಲಿ ಹಾಸ್ಟೆಲ್ ನಡೆಸುವುದು ಒಂದು. ಮಂಗಳೂರಿನಲ್ಲಿ ‘ಬಂಟ್ಸ್ ಹಾಸ್ಟೆಲ್’ ಎಂಬುದು ಇಂದು ಒಂದು ವೃತ್ತದ, ಒಂದು ಬಸ್‌ಸ್ಟಾಪಿನ, ಒಂದು ಬಡಾವಣೆಯ ಹೆಸರೇ ಆಗಿದೆ. ವಿದ್ಯಾರ್ಥಿನಿಲಯವೊಂದು ನಗರದ ನಕ್ಷೆಯಲ್ಲಿ ಇಷ್ಟು ಆಳವಾಗಿ ಬೇರೂರಿದ ಉದಾಹರಣೆಗಳು ಕಡಿಮೆ. ಮೈಸೂರು, ಬೆಂಗಳೂರು, ತುಮಕೂರು, ಧಾರವಾಡಗಳಲ್ಲಿ ವೀರಶೈವ ಮಠಗಳು ಉಚಿತ ಪ್ರಸಾದನಿಲಯಗಳನ್ನು ತೆರೆದವು. ಸಿದ್ಧಗಂಗೆ, ಸುತ್ತೂರು, ಧಾರವಾಡದ ಮುರುಘಾಮಠಗಳ ಹೆಸರು ಇಲ್ಲಿ ಮೊದಲು ಬರಬೇಕು. ಮಠವೆಂದರೆ ಛಾತ್ರನಿಲಯ ಎಂಬ ಅಮರಸಿಂಹನ ಅರ್ಥ ಮತ್ತೆ ಚಾಲ್ತಿಗೆ ಬಂದದ್ದು ಹೀಗೆ.

ಜೈನ ಸಮಾಜವೂ ಈ ಕಾರ್ಯದಲ್ಲಿ ಮುಂದಿತ್ತು. ಮುಂಬಯಿಯ ಸೇಠ್ ಮಾಣಿಕಚಂದ ಹೀರಾಚಂದರು ತಮ್ಮ ತಂದೆಯ ಹೆಸರಿನಲ್ಲಿ ಜೈನ ಬೋರ್ಡಿಂಗನ್ನು ಆರಂಭಿಸಿ, ಬೇರೆ ನಗರಗಳಲ್ಲಿಯೂ ಇಂತಹ ಬೋರ್ಡಿಂಗುಗಳಿಗೆ ನೆರವಾದರು. ಕೊಲ್ಲಾಪುರದಲ್ಲಿ ಛತ್ರಪತಿ ಶಾಹು ಮಹಾರಾಜರು 1901ರಿಂದ ಮೊದಲ್ಗೊಂಡು ಮರಾಠ, ಜೈನ, ಲಿಂಗಾಯತ, ಮುಸ್ಲಿಂ ಮೊದಲಾದ ಸಮುದಾಯಗಳ ಬೋರ್ಡಿಂಗುಗಳಿಗೆ ಭೂಮಿ, ಧನಸಹಾಯ ಕೊಟ್ಟರು. ಬೆಳಗಾವಿ ಸೀಮೆಯ ಕನ್ನಡ ಜೈನ ಕುಟುಂಬಗಳ ಹುಡುಗರಿಗೂ ಕೊಲ್ಲಾಪುರ ವಿದ್ಯಾಕೇಂದ್ರವಾಗಿತ್ತು.

ಆದರೆ ಸಮಂತಭದ್ರರ ದೃಷ್ಟಾಂತದ ಪ್ರಶ್ನೆ ಕೊಲ್ಲಾಪುರದಲ್ಲಿಯೇ ಎದುರಾಯಿತು. ಅಲ್ಲಿಯ ಜೈನ ಬೋರ್ಡಿಂಗಿನಲ್ಲಿದ್ದ ಒಬ್ಬ ವಿದ್ಯಾರ್ಥಿ ಭಾವೂರಾವ್ ಪಾಟೀಲ. 1887ರಲ್ಲಿ ಕುಂಭೋಜದಲ್ಲಿ ಹುಟ್ಟಿದ ಅವರ ಮನೆತನದ ಮೂಲ ದಕ್ಷಿಣ ಕನ್ನಡದ ಮೂಡುಬಿದಿರೆ. ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ತೆರೆದ ಹಾಸ್ಟೆಲಿನ ಸಮಾರಂಭಕ್ಕೆ ಹೋಗಿ ಬಂದ ಅವರು ಸ್ನಾನ ಮಾಡದೆ ಊಟಕ್ಕೆ ಬಂದರೆಂಬ ಕಾರಣಕ್ಕೆ ಬೋರ್ಡಿಂಗನ್ನು ಬಿಡಬೇಕಾಯಿತೆಂದು ಅವರ ಜೀವನಚರಿತ್ರಕಾರರು ಬರೆದಿದ್ದಾರೆ. ಅವರಿಗೆ ಶಾಹು ಮಹಾರಾಜರ ಆಶ್ರಯ ದೊರೆಯಿತು. ಮುಂದೆ 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದ ಭಾವೂರಾವ್ ಅವರು 1924ರಲ್ಲಿ ಸಾತಾರದಲ್ಲಿ ತೆರೆದ ವಿದ್ಯಾರ್ಥಿನಿಲಯದಲ್ಲಿ ಎಲ್ಲ ಜಾತಿಯ ಮಕ್ಕಳೂ ಒಟ್ಟಿಗೆ ಅಡುಗೆ ಮಾಡಿ, ಒಟ್ಟಿಗೆ ಉಂಡು, ಒಟ್ಟಿಗೆ ಮಲಗುತ್ತಿದ್ದರು. ಅದಕ್ಕೆ ಶಾಹು ಬೋರ್ಡಿಂಗ್ ಎಂದು ಹೆಸರಾಯಿತು. ವಸತಿಯಿಂದ ಹೊರಗೆ ಹೋಗಬೇಕಾದವನೇ ಎಲ್ಲರಿಗೂ ತೆರೆದ ವಸತಿಯನ್ನು ಕಟ್ಟಿದ ಈ ಸಂಗತಿ ಜೈನ ಸಮಾಜದ ಚರಿತ್ರೆಯಲ್ಲಿ ಒಂದೇ ಕಾಲಕ್ಕೆ ಸಂಕೋಚಕ್ಕೂ ಹೆಮ್ಮೆಗೂ ಕಾರಣವಾಗುವಂಥದು. ಇದನ್ನು ಮುಚ್ಚಿಟ್ಟು ಬೋರ್ಡಿಂಗುಗಳ ಸೇವೆಯನ್ನಷ್ಟೇ ಕೊಂಡಾಡಿದರೆ ಚರಿತ್ರೆ ಅರ್ಧವಾಗುತ್ತದೆ. ಸೇವೆಯನ್ನು ಮರೆತು ಇದನ್ನಷ್ಟೇ ಹೇಳಿದರೂ ಅರ್ಧವೇ.

ತುಳುನಾಡಿನಲ್ಲಿ ಈ ಕಾರ್ಯ ಇನ್ನೂ ಮುಂಚೆ ಬೇರೊಂದು ದಿಕ್ಕಿನಿಂದ ಆರಂಭವಾಗಿತ್ತು. ಕಾಸರಗೋಡು ಸೀಮೆಯ ಕುದ್ಮುಲ್‌ನವರಾದ ರಂಗರಾಯರು (1859–1928) 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ ದಲಿತ ಮಕ್ಕಳಿಗೆ ಶಾಲೆಗಳನ್ನೂ ವಿದ್ಯಾರ್ಥಿನಿಲಯವನ್ನೂ ತೆರೆದರು. ಸ್ವಜಾತಿಯ ಬಹಿಷ್ಕಾರವನ್ನು ಎದುರಿಸಿ ಅವರು ಮಾಡಿದ ಕೆಲಸದಿಂದ, ವಾರಾನ್ನದ ಮನೆಯೂ ಸಂಘದ ಹಾಸ್ಟೆಲೂ ತೆರೆಯದ ಮಕ್ಕಳಿಗೆ ನಗರದಲ್ಲಿ ಮೊದಲ ಬಾರಿಗೆ ತಲೆ ಮೇಲೊಂದು ಸೂರು ಸಿಕ್ಕಿತು. ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಉಜಿರೆಯಲ್ಲಿ ಸ್ಥಾಪಿಸಿದ ಸಿದ್ಧವನ ಗುರುಕುಲ ಇನ್ನೊಂದು ಬಗೆಯ ಉತ್ತರ. ನಗರಕ್ಕೆ ಹೋಗಲಾರದ ಹಳ್ಳಿಯ ಹುಡುಗರಿಗೆ ಉಚಿತ ಊಟ, ವಸತಿ, ಶಿಸ್ತಿನ ದಿನಚರಿ ಅಲ್ಲಿ ದೊರೆಯಿತು. ಪುತ್ತೂರು, ಬೆಳ್ತಂಗಡಿ ಸೀಮೆಗಳ ಅನೇಕ ಅಧ್ಯಾಪಕರ ಓದಿನ ಹಿಂದೆ ಈ ಗುರುಕುಲದ ಅನ್ನವಿದೆ.

ಮದರಾಸು, ಮೈಸೂರು, ಮುಂಬಯಿ

ದಕ್ಷಿಣ ಕನ್ನಡವು 1956ರವರೆಗೆ ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ ಉನ್ನತ ಶಿಕ್ಷಣದ ದಾರಿ ಮೊದಲು ಹೋಗುತ್ತಿದ್ದುದು ಪೂರ್ವಕ್ಕೆ, ಮದರಾಸಿಗೆ. 1907ರಲ್ಲಿ ಮಂಗಳೂರಿಗೆ ರೈಲು ಬಂದು ಆ ಪ್ರಯಾಣ ಸುಲಭವಾಯಿತು. ಗೋವಿಂದ ಪೈಗಳು ಓದಿದ್ದು ಮದರಾಸಿನಲ್ಲಿ. ಅಲ್ಲಿ ಪ್ರೆಸಿಡೆನ್ಸಿ ಕಾಲೇಜಿನ ಸಮೀಪದ ವಿಕ್ಟೋರಿಯಾ ಹಾಸ್ಟೆಲ್, ತಿರುವಲ್ಲಿಕ್ಕೇಣಿಯ ಬಾಡಿಗೆ ಕೋಣೆಗಳು ಮತ್ತು ಮೆಸ್ಸುಗಳು ದೂರದ ಜಿಲ್ಲೆಗಳ ವಿದ್ಯಾರ್ಥಿಗಳ ಆಶ್ರಯವಾಗಿದ್ದವು.

ಮೈಸೂರು ಸಂಸ್ಥಾನದಲ್ಲಿ 1916ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಕನ್ನಡದ ಹುಡುಗರಿಗೆ ಇನ್ನೊಂದು ಗುರಿ ಸಿಕ್ಕಿತು. ವಸತಿಯು ವಿದ್ಯಾರ್ಥಿಯ ಬಾಳನ್ನು ಹೇಗೆ ತಿರುಗಿಸಬಲ್ಲದು ಎಂಬುದಕ್ಕೆ ಕುವೆಂಪು ಅವರ ಜೀವನವೇ ಸಾಕ್ಷಿ. ಮಲೆನಾಡಿನಿಂದ ಮೈಸೂರಿಗೆ ಬಂದ ಅವರು ಮೊದಲು ಸಂತೆಪೇಟೆಯಲ್ಲಿ ಕೋಣೆ ಹಿಡಿದಿದ್ದರು. ಗದ್ದಲದ ಪೇಟೆಬೀದಿ, ಹೋಟೆಲಿನ ಊಟ, ಕೆಡುತ್ತಿದ್ದ ಆರೋಗ್ಯ ಇವು ಅವರ ಆತ್ಮಕಥೆಯಲ್ಲಿ ದಾಖಲಾಗಿವೆ. ಅಸ್ವಸ್ಥರಾಗಿದ್ದ ಅವರನ್ನು ಸ್ವಾಮಿ ಸಿದ್ಧೇಶ್ವರಾನಂದರು ಶ್ರೀರಾಮಕೃಷ್ಣಾಶ್ರಮಕ್ಕೆ ಕರೆದೊಯ್ದರು. ಅಲ್ಲಿ ಅವರು ವರ್ಷಗಟ್ಟಲೆ ಉಳಿದರು. ಕುವೆಂಪು ಸಾಹಿತ್ಯದ ಅಧ್ಯಾತ್ಮದ ನೆಲೆಯನ್ನು ವಿವೇಚಿಸುವವರು ಈ ವಸತಿಯ ಬದಲಾವಣೆಯನ್ನು ಕೇವಲ ಬಾಹ್ಯ ಘಟನೆಯೆಂದು ಭಾವಿಸಲಾಗದು.

ಇನ್ನೊಂದು ತುದಿಯಲ್ಲಿ ಸಿದ್ಧಲಿಂಗಯ್ಯನವರ ‘ಊರುಕೇರಿ’ ಇದೆ. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನ ದಿನಗಳು ಆ ಕೃತಿಯಲ್ಲಿ ಮರೆಯಲಾಗದಂತೆ ಬಂದಿವೆ. ಹಸಿವು, ತುಂಟತನ, ಚರ್ಚೆ, ಸಂಘಟನೆ ಎಲ್ಲವೂ ಒಂದೇ ಸೂರಿನಡಿ ನಡೆದವು. 1973ರ ಬೂಸಾ ಪ್ರಕರಣದ ಗಲಭೆಯಲ್ಲಿ ದಲಿತ ವಿದ್ಯಾರ್ಥಿಗಳು ಹಲ್ಲೆಗೆ ಗುರಿಯಾದಾಗ ಅವರನ್ನು ಒಟ್ಟುಗೂಡಿಸಿದ ಜಾಗಗಳಲ್ಲಿ ಹಾಸ್ಟೆಲುಗಳು ಮುಖ್ಯವಾದವು. ದಲಿತ ಚಳವಳಿಯ ಮತ್ತು ದಲಿತ ಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಪತ್ರಿಕೆ, ಸಭೆ, ಕೃತಿಗಳ ಜೊತೆಗೆ ಈ ಕೊಠಡಿಗಳನ್ನೂ ಆಕರಗಳೆಂದು ಎಣಿಸಬೇಕು. ಸಮುದಾಯದ ಹಾಸ್ಟೆಲ್ ಎಂಬುದು ಮೇಲ್ಜಾತಿಗೆ ಹಳ್ಳಿಯ ಗೋಡೆಯನ್ನು ನಗರಕ್ಕೂ ಒಯ್ಯುವ ಸಾಧನವಾಗಬಹುದು. ಹೊರಗಿಡಲ್ಪಟ್ಟವರಿಗೆ ಅದೇ ಕೋಟೆಯೂ ಆಗಬಹುದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಪುತ್ತೂರು ಸೀಮೆಯ ಬಡ ಹುಡುಗರಿಗೆ ಮೂರನೆಯ ದಾರಿ ಮುಂಬಯಿಯದು. ಅಲ್ಲಿ ಉಡುಪಿ ಹೋಟೆಲಿನ ಕೆಲಸವೇ ವಸತಿಯೂ ಆಗಿತ್ತು. ಹಗಲೆಲ್ಲ ಲೋಟ ತೊಳೆದು, ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ, ಬಂದ ಮೇಲೆ ಕುರ್ಚಿಗಳನ್ನು ಮೇಜಿನ ಮೇಲೇರಿಸಿ ಅದೇ ನೆಲದ ಮೇಲೆ ಚಾಪೆ ಹಾಸಿ ಮಲಗಿದವರು ಮುಂದೆ ಪದವೀಧರರಾದರು, ವಕೀಲರಾದರು, ಲೇಖಕರಾದರು. ಮುಂಬಯಿಯ ತುಳು-ಕನ್ನಡ ಸಂಘಗಳು ನಡೆಸಿದ ರಾತ್ರಿಶಾಲೆಗಳ ಚರಿತ್ರೆ ಕನ್ನಡ ಶಿಕ್ಷಣ ಚರಿತ್ರೆಯ ಒಂದು ಉಜ್ವಲ ಅಧ್ಯಾಯ. ಅಲ್ಲಿ ವಸತಿಯ ಆಯ್ಕೆ ಎಂಬ ಮಾತಿಗೆ ಅರ್ಥವೇ ಇರಲಿಲ್ಲ. ಕೆಲಸ ಸಿಕ್ಕ ಹೋಟೆಲೇ ಮನೆ.

ಕಾಲೇಜೇ ಹತ್ತಿರ ಬಂದಾಗ

ವಸತಿಯ ಸಮಸ್ಯೆಗೆ ಇನ್ನೊಂದು ಪರಿಹಾರವಿದೆ: ವಿದ್ಯಾರ್ಥಿ ನಗರಕ್ಕೆ ಹೋಗುವ ಬದಲು ಕಾಲೇಜು ಹಳ್ಳಿಯ ಬಳಿಗೆ ಬರುವುದು. ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು, 1966ರಲ್ಲಿ ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು, 1976ರಲ್ಲಿ ಕುರುಂಜಿ ವೆಂಕಟರಮಣ ಗೌಡರ ಪ್ರಯತ್ನದಿಂದ ಸುಳ್ಯದಲ್ಲಿ ನೆಹರು ಮೆಮೋರಿಯಲ್ ಕಾಲೇಜು ಆರಂಭವಾದವು. ಒಂದು ತಲೆಮಾರಿನೊಳಗೆ ಕೆದಂಬಾಡಿಯ ಹುಡುಗಿ ಮನೆಯಲ್ಲೇ ಉಂಡು, ಬಸ್ಸಿನಲ್ಲಿ ಹೋಗಿ, ಪದವಿ ಪಡೆಯುವುದು ಸಾಧ್ಯವಾಯಿತು.

‘ಹುಡುಗಿ’ ಎಂಬ ಮಾತನ್ನು ಒತ್ತಿ ಹೇಳಬೇಕು. ಮಂಗಳೂರಿನಲ್ಲಿ 1921ರಲ್ಲೇ ಸಂತ ಆಗ್ನೆಸ್ ಮಹಿಳಾ ಕಾಲೇಜು ಆರಂಭವಾಗಿತ್ತು. ಆದರೆ ಮಗಳನ್ನು ನಗರದಲ್ಲಿ ಇರಿಸಿ ಓದಿಸುವ ಧೈರ್ಯ ಕೆಲವೇ ಮನೆಗಳಿಗಿತ್ತು. ಹೆಣ್ಣುಮಕ್ಕಳ ವಸತಿಯನ್ನು ಆರಿಸುತ್ತಿದ್ದವರು ಹೆಣ್ಣುಮಕ್ಕಳಲ್ಲ. ತಂದೆ, ಮಾವ, ಅಣ್ಣಂದಿರು. ಅವರು ಮೊದಲು ನೋಡುತ್ತಿದ್ದುದು ಗೇಟು ಎಷ್ಟು ಗಂಟೆಗೆ ಮುಚ್ಚುತ್ತದೆ ಎಂಬುದನ್ನು. ಕಾಲೇಜು ಪುತ್ತೂರಿಗೆ ಬಂದುದು ಗಂಡುಮಕ್ಕಳಿಗೆ ಅನುಕೂಲವಾದರೆ ಹೆಣ್ಣುಮಕ್ಕಳಿಗೆ ಅವಕಾಶವೇ ಆಯಿತು.

ಸ್ನಾತಕೋತ್ತರ ಶಿಕ್ಷಣಕ್ಕೂ ಇದೇ ಕ್ರಮ ನಡೆಯಿತು. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಮಂಗಳೂರಿಗೆ ಬಂದಿತು, ಎಸ್.ವಿ. ಪರಮೇಶ್ವರ ಭಟ್ಟರು ಅದನ್ನು ಕಟ್ಟಿ ಬೆಳೆಸಿದರು. 1980ರಲ್ಲಿ ಅದು ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಅದರ ಆವರಣ ಮಂಗಳಗಂಗೋತ್ರಿ ಇರುವುದು ನಗರದಿಂದ ದೂರದ ಕೊಣಾಜೆಯ ಗುಡ್ಡದ ಮೇಲೆ. ಅಲ್ಲಿ ಪೇಟೆಯಿರಲಿಲ್ಲ, ಊಟದ ಮನೆಗಳಿರಲಿಲ್ಲ. ಹಾಗಾಗಿ ಜಾತಿಯ ಹೆಸರಿಲ್ಲದ, ವಿಶ್ವವಿದ್ಯಾನಿಲಯದ್ದೇ ಆದ ಹಾಸ್ಟೆಲು ಅಲ್ಲಿ ಅನಿವಾರ್ಯವಾಯಿತು. ಬೇರೆ ಬೇರೆ ತಾಲ್ಲೂಕು, ಜಾತಿ, ಮತಗಳ ವಿದ್ಯಾರ್ಥಿಗಳು ಒಂದೇ ಮೆಸ್ಸಿನಲ್ಲಿ ತಟ್ಟೆ ಹಿಡಿದು ನಿಂತರು. ಪಂಕ್ತಿಯ ಜಾಗದಲ್ಲಿ ಸಾಲು ಬಂದಿತು. ಶಬ್ದಾರ್ಥದಲ್ಲಿ ಎರಡೂ ಒಂದೇ. ಸಾಮಾಜಿಕ ಚರಿತ್ರೆಯಲ್ಲಿ ಅವುಗಳ ನಡುವೆ ಒಂದು ಶತ
ಮಾನದ ಅಂತರವಿದೆ.

ಪಂಕ್ತಿಯ ಜಾಗದಲ್ಲಿ ಬೆಲೆ

1979ರಲ್ಲಿ ಹಾಸನ-ಮಂಗಳೂರು ರೈಲುಮಾರ್ಗ ತೆರೆದು ಪುತ್ತೂರು ರೈಲಿನ ನಕ್ಷೆಗೆ ಸೇರಿತು. ಮಾಹಿತಿ ತಂತ್ರಜ್ಞಾನದ ಉದ್ಯಮ ಬೆಳೆದ ಮೇಲೆ ಗುರಿ ಬೆಂಗಳೂರಾಯಿತು. ಇಂದು ಕೆದಂಬಾಡಿಯಿಂದ ಬೆಂಗಳೂರಿಗೆ ಓದಲು ಹೋಗುವ ವಿದ್ಯಾರ್ಥಿಯ ಮುಂದೆ ಕಾಲೇಜಿನ ಹಾಸ್ಟೆಲು, ಸರ್ಕಾರಿ ಹಾಸ್ಟೆಲು, ಸಮುದಾಯದ ಹಾಸ್ಟೆಲು, ಗೆಳೆಯರು ಸೇರಿ ಹಿಡಿಯುವ ಬಾಡಿಗೆ ಮನೆ, ಪಿ.ಜಿ. ಎಂದು ಕರೆಯುವ ಪೇಯಿಂಗ್ ಗೆಸ್ಟ್ ಕೊಠಡಿ ಎಂಬ ಐದು ದಾರಿಗಳಿವೆ. ಆಯ್ಕೆ ಹಿಂದೆಂದಿಗಿಂತ ವಿಶಾಲವಾಗಿರುವಂತೆ ಕಾಣುತ್ತದೆ. ಪಿ.ಜಿ.ಯ ಮಾಲೀಕ ಕೇಳುವುದು ಮುಂಗಡ ಹಣವನ್ನು ಮತ್ತು ಗುರುತಿನ ಚೀಟಿಯನ್ನು. ಆದರೆ ಬಾಡಿಗೆ ಮನೆಯ ವಿಷಯದಲ್ಲಿ ಹೆಸರು, ಊರು, ಮಾಂಸಾಹಾರ ಎಂಬ ಹಳೆಯ ಪ್ರಶ್ನೆಗಳು ಹೊಸ ಉಡುಪಿನಲ್ಲಿ ಬರುತ್ತವೆ. ಪಂಕ್ತಿಭೇದ ಹೋಗಿಲ್ಲ, ಅಡುಗೆಮನೆಯಿಂದ ಬಾಡಿಗೆ ಕರಾರಿಗೆ ಸ್ಥಳಾಂತರಗೊಂಡಿದೆ.

ಉಳಿದೆಡೆಗಳಲ್ಲಿ ಪಂಕ್ತಿಯ ಜಾಗವನ್ನು ಬೆಲೆ ಆಕ್ರಮಿಸಿದೆ. ಹಾಸ್ಟೆಲಿನಲ್ಲಿ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ‘ವಿದ್ಯಾಸಿರಿ’ ಯೋಜನೆಯಡಿ ರಾಜ್ಯ ಸರ್ಕಾರ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಊಟ ಮತ್ತು ವಸತಿಗೆ ನೆರವು ಕೊಡುವ ಏರ್ಪಾಡು ಮಾಡಿತು. ಯೋಜನೆಯ ಉದ್ದೇಶ ಶ್ಲಾಘ್ಯ. ಬೆಂಗಳೂರಿನಲ್ಲಿ ಆ ಹಣಕ್ಕೆ ಊಟ ಮತ್ತು ಹಾಸಿಗೆ ಎರಡೂ ಸಿಗುವ ಜಾಗವನ್ನು ಹುಡುಕುವುದು ಕಷ್ಟ. 2023ರಲ್ಲಿ ಇನ್ನೊಂದು ಚರ್ಚೆ ಎದ್ದಿತು. ಪಿ.ಜಿ. ಮತ್ತು ಹಾಸ್ಟೆಲುಗಳು ವಾಸದ ಮನೆಗಳಲ್ಲ, ಹಾಗಾಗಿ ಅವುಗಳ ಬಾಡಿಗೆಗೆ ಜಿ.ಎಸ್.ಟಿ. ಅನ್ವಯವಾಗುತ್ತದೆ ಎಂಬ ನಿರ್ಣಯ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರದಿಂದ ಬಂದಿತು. 2024ರ ಜೂನ್‌ನಲ್ಲಿ ಜಿ.ಎಸ್.ಟಿ. ಮಂಡಳಿಯು ತಲಾ ತಿಂಗಳಿಗೆ 20,000 ರೂಪಾಯಿವರೆಗಿನ, ಕನಿಷ್ಠ 90 ದಿನಗಳ ವಾಸ್ತವ್ಯಕ್ಕೆ ವಿನಾಯಿತಿಯನ್ನು ಶಿಫಾರಸು ಮಾಡಿತು. ತೆರಿಗೆಯ ಭಾಷೆಯಲ್ಲಿ ನಡೆದ ಈ ವಾದದ ಹಿಂದೆ ಹಳೆಯ ಪ್ರಶ್ನೆಯೇ ಇದೆ: ವಿದ್ಯಾರ್ಥಿ ತಂಗುವ ಜಾಗ ಮನೆಯೋ, ಅಂಗಡಿಯೋ? ದಾನವಾಗಿದ್ದದ್ದು ಹಕ್ಕಾಗುವ ಮೊದಲೇ ಸರಕಾದರೆ ಏನಾಗುತ್ತದೆ ಎಂಬುದು ಅದರೊಳಗಿನ ಆತಂಕ.

2023ರ ಜೂನ್‌ನಲ್ಲಿ ಜಾರಿಗೆ ಬಂದ ‘ಶಕ್ತಿ’ ಯೋಜನೆ ಹೆಣ್ಣುಮಕ್ಕಳ ಲೆಕ್ಕಾಚಾರವನ್ನು ಇನ್ನೊಂದು ರೀತಿಯಲ್ಲಿ ಬದಲಿಸಿದೆ. ಪುತ್ತೂರು, ಸುಳ್ಯ ಕಡೆ ಸರ್ಕಾರಿ ಬಸ್ಸುಗಳ ಸಂಚಾರ ಹೆಚ್ಚು. ಉಚಿತ ಪ್ರಯಾಣದಿಂದ ಮಂಗಳೂರಿಗೆ ದಿನವೂ ಹೋಗಿ ಬರುವುದು ಹಾಸ್ಟೆಲಿನ ಶುಲ್ಕಕ್ಕಿಂತ ಅಗ್ಗವಾಗುತ್ತದೆ. ಹಣ ಉಳಿಯುತ್ತದೆ, ಬಸ್ಸಿನಲ್ಲಿ ಕಳೆಯುವ ಮೂರು ನಾಲ್ಕು ಗಂಟೆ, ಸಂಜೆ ಕಳೆದುಕೊಳ್ಳುವ ಗ್ರಂಥಾಲಯ, ಗೆಳತಿಯರೊಂದಿಗೆ ನಡೆಯದೆ ಹೋಗುವ ಚರ್ಚೆ ಇವು ಯಾವ ಲೆಕ್ಕಪುಸ್ತಕದಲ್ಲಿಯೂ ಬರುವುದಿಲ್ಲ. ಸಾಲೋಟಗಿಯ ದಾನಿ ದೀಪಕ್ಕೆ ಬೇರೆಯಾಗಿ ಭೂಮಿ ಬಿಟ್ಟದ್ದು ಇದನ್ನು ತಿಳಿದೇ ಇರಬೇಕು. ರಾತ್ರಿಯ ಓದಿಗೆ ಜಾಗವಿಲ್ಲದ ವಿದ್ಯಾಭ್ಯಾಸ ಅರ್ಧ ವಿದ್ಯಾಭ್ಯಾಸ.

ಆವಾಸವೂ ಅಭಯವೂ

ಈ ದೀರ್ಘ ಚರಿತ್ರೆಯಿಂದ ಇಂದಿನ ವಿದ್ಯಾರ್ಥಿಗೆ ಸಿಗುವ ಅಳತೆಗೋಲು ಯಾವುದು? ದೂರ, ಬಾಡಿಗೆ, ಊಟ, ನೀರು ಇವೆಲ್ಲ ನೋಡಲೇಬೇಕಾದವು. ಆದರೆ ಒಂದು ವಸತಿಯ ನಿಜವಾದ ಯೋಗ್ಯತೆ ತಿಳಿಯುವುದು ಅಲ್ಲಿ ಅತ್ಯಂತ ದುರ್ಬಲನಾದವನು ಹೇಗಿದ್ದಾನೆ ಎಂಬುದರಿಂದ. ಯುಜಿಸಿ 2009ರಲ್ಲಿ ರ‍್ಯಾಗಿಂಗ್ ತಡೆಗೆ ನಿಯಮಗಳನ್ನು ರೂಪಿಸಿದಾಗ ಹೊಸ ವಿದ್ಯಾರ್ಥಿಗಳಿಗೆ ಸಾಧ್ಯವಾದಷ್ಟು ಪ್ರತ್ಯೇಕ ವಸತಿ ಇರಬೇಕೆಂದು ಹೇಳಬೇಕಾಯಿತು. ಸೂರು ಕೊಟ್ಟ ಮಾತ್ರಕ್ಕೆ ಭಯ ಹೋಗುವುದಿಲ್ಲ ಎಂಬ ಒಪ್ಪಿಗೆ ಅದರಲ್ಲಿದೆ. ಒಂದು ಪಟ್ಟಿಯಲ್ಲಿ ಆವಾಸವೆಂದೂ ಇನ್ನೊಂದರಲ್ಲಿ ಅಭಯವೆಂದೂ ಬಂದಿರುವ ನಾಲ್ಕನೆಯ ದಾನವನ್ನು ಕೂಡಿಸಿ ಓದಿದರೆ ಸಿಗುವ ತಾತ್ಪರ್ಯವೂ ಇದೇ.

ಕುಂಬಾರನೂ ನಾಪಿತನೂ ಕಟ್ಟಿದ ವಸತಿ ಒಂದೇ ಆಗಿತ್ತು. ಬಾಗಿಲಲ್ಲಿ ನಿಂತವನು ಒಳಗಿದ್ದವರನ್ನು ಕಾಯುತ್ತಾನೋ ಹೊರಗೆ ಹಾಕುತ್ತಾನೋ ಎಂಬುದರಿಂದ ಅವರ ಗತಿ ಬೇರೆಯಾಯಿತು. ನಮ್ಮ ಸಂಘಗಳು, ಮಠಗಳು, ಬಸದಿಗಳ ಟ್ರಸ್ಟುಗಳು, ವಿಶ್ವವಿದ್ಯಾನಿಲಯಗಳು ನಡೆಸುವ ಒಂದೊಂದು ವಿದ್ಯಾರ್ಥಿನಿಲಯವನ್ನೂ ಈ ಕಥೆಯ ಬೆಳಕಿನಲ್ಲಿ ನೋಡಬಹುದು. ಬಸದಿಯ ಮೂಲ ವಸತಿ ಎಂಬುದನ್ನು ಮರೆಯದ ಸಮಾಜಕ್ಕೆ, ಹಳ್ಳಿಯಿಂದ ಚೀಲ ಹೊತ್ತು ಬಂದ ಮಗುವಿಗೆ ಬಾಗಿಲು ತೆರೆಯುವುದೂ ಧರ್ಮಾಚರಣೆಯೇ ಆಗುತ್ತದೆ.